ಹೊಲದ ದಾರಿಗೆ ಹತ್ತೇ ವರ್ಷದ ಗಡುವು

ಮಾನ್ಯ ಸಂಪಾದಕರೇ,

ಗಿಣಿಗೇರಾದಿಂದ ಹೊರಟ ಹೊಸ ರೈಲು ಮಾರ್ಗ 2019ರಲ್ಲಿ ಗಂಗಾವತಿಯನ್ನೂ 2024ರಲ್ಲಿ ಸಿಂಧನೂರನ್ನೂ ಮುಟ್ಟಿತು. ಗದಗ–ವಾಡಿ ಮಾರ್ಗದ ಹಳಿ ಯಲಬುರ್ಗಾ ಸೀಮೆಯನ್ನು ಹಾದು ಕುಷ್ಟಗಿಯವರೆಗೆ ಬಂದಿದೆ. ದಶಕಗಳಿಂದ ಬೇಡುತ್ತಿದ್ದ ರೈಲು ಬಂದಾಗ ತಕರಾರು ಏಕೆಂದು ಕೆಲವರು ಕೇಳಬಹುದು. ರೈಲಿನ ಬಗ್ಗೆ ನನ್ನ ತಕರಾರಿಲ್ಲ. ಹಳಿ ಹಾಕುವವರಿಗೆ ಕಾನೂನು ಎಂಥ ಅಧಿಕಾರ ಕೊಟ್ಟಿದೆ, ಅದರೊಡನೆ ಯಾವ ಹೊಣೆ ಹೊರಿಸಿದೆ, ಆ ಹೊಣೆಯನ್ನು ಕೇಳಿ ಪಡೆಯಲು ನಮಗಿರುವ ಅವಧಿ ಎಷ್ಟು ಎಂಬುದನ್ನು ಈ ಭಾಗದ ರೈತರೂ ಅಧಿಕಾರಿಗಳೂ ಗಮನಿಸಲಿ ಎಂದು ಬರೆಯುತ್ತಿದ್ದೇನೆ.

1989ರ ರೈಲ್ವೆ ಕಾಯ್ದೆಯ 11ನೇ ಕಲಂ ‘ಜಾರಿಯಲ್ಲಿರುವ ಬೇರೆ ಯಾವುದೇ ಕಾನೂನಿನಲ್ಲಿ ಏನೇ ಇದ್ದರೂ’ ಎಂಬ ಧಾಟಿಯಲ್ಲೇ ಆರಂಭವಾಗುತ್ತದೆ. ಹಳಿ ಹಾಕುವುದಕ್ಕಾಗಿ ಹೊಳೆ, ಹಳ್ಳ, ಕಾಲುವೆಗಳ ಮೇಲೆ ಕಟ್ಟಡ ಕಟ್ಟಬಹುದು, ಹಳ್ಳದ ಹರಿವನ್ನೇ ತಿರುಗಿಸಬಹುದು, ರಸ್ತೆಯನ್ನು ಎತ್ತರಿಸಬಹುದು ಅಥವಾ ತಗ್ಗಿಸಬಹುದು. 12ನೇ ಕಲಂ ಪ್ರಕಾರ ನೀರಿನ ಕೊಳವೆ, ವಿದ್ಯುತ್ ಮಾರ್ಗ, ಚರಂಡಿಗಳನ್ನು ಸ್ಥಳಾಂತರಿಸಬಹುದು. 2008ರ ತಿದ್ದುಪಡಿ ಇದಕ್ಕೆ ಭೂಸ್ವಾಧೀನದ ಪ್ರತ್ಯೇಕ ಅಧ್ಯಾಯವನ್ನೇ ಸೇರಿಸಿತು. ‘ವಿಶೇಷ ರೈಲ್ವೆ ಯೋಜನೆ’ ಎಂದು ಘೋಷಿಸಿದ ಕಡೆ ಜಮೀನಿನ ಮಾಲೀಕರಿಗೆ ಆಕ್ಷೇಪಣೆ ಸಲ್ಲಿಸಲು ಸಿಗುವುದು 30 ದಿನ ಮಾತ್ರ. ಅಂತಿಮ ಘೋಷಣೆ ಹೊರಬಿದ್ದ ಮೇಲೆ ಜಮೀನು ಕೇಂದ್ರ ಸರ್ಕಾರದ್ದಾಗುತ್ತದೆ. ಇದಕ್ಕೂ ಮುಂಚೆ, ಸ್ವಾಧೀನದ ಉದ್ದೇಶ ತಿಳಿಸುವ ಮೊದಲ ಅಧಿಸೂಚನೆಯ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟವಾಗಬೇಕು, ಅವುಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದ್ದಾಗಿರಬೇಕು. ಸರ್ವೆ ನಂಬರುಗಳಿಂದ ತುಂಬಿದ ಆ ಸಣ್ಣಕ್ಷರದ ಪ್ರಕಟಣೆಯನ್ನು ಹಾಗೆಯೇ ಮಡಚಿಡುವವರೇ ಹೆಚ್ಚು ಎಂಬುದು ನಿಮಗೂ ತಿಳಿದದ್ದೇ.

ಈ ಅಧಿಕಾರ ಸರ್ಕಾರಿ ರೈಲ್ವೆಗೆ ಮಾತ್ರ ಸೀಮಿತವಲ್ಲ. ಕಾಯ್ದೆಯಲ್ಲಿ ‘ರೈಲ್ವೆ ಆಡಳಿತ’ ಎಂದರೆ ಸರ್ಕಾರಿ ರೈಲ್ವೆಯ ಮಟ್ಟಿಗೆ ವಲಯದ ಜನರಲ್ ಮ್ಯಾನೇಜರ್. ಸರ್ಕಾರೇತರ ರೈಲ್ವೆಯ ಮಟ್ಟಿಗೆ ಅದರ ಮಾಲೀಕ, ಗುತ್ತಿಗೆದಾರ ಅಥವಾ ಒಪ್ಪಂದದ ಮೇರೆಗೆ ಅದನ್ನು ನಡೆಸುವವನು. ಅದಿರು ಮತ್ತು ಉಕ್ಕಿನ ಸಾಗಣೆಗೆ ಹಳಿಯನ್ನೇ ನೆಚ್ಚಿಕೊಂಡಿರುವ ಬಳ್ಳಾರಿ, ಸಂಡೂರು ಭಾಗದವರು ಈ ವ್ಯಾಖ್ಯೆಯನ್ನು ಒಮ್ಮೆ ನಿಧಾನವಾಗಿ ಓದಿಕೊಳ್ಳುವುದು ಒಳ್ಳೆಯದು.

ಕಂಪನಿಗಳಿಗೆ ಕೈತುಂಬ ಕೊಡುವ ಈ ಪದ್ಧತಿ ಹಳೆಯದು. 1849ರ ಒಪ್ಪಂದದಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಗೆ 99 ವರ್ಷಗಳ ಅವಧಿಗೆ ಜಮೀನು ಉಚಿತವಾಗಿ ದೊರಕಿತು, ಹೂಡಿದ ಬಂಡವಾಳಕ್ಕೆ ಶೇ 5ರ ಬಡ್ಡಿಯ ಖಾತರಿಯೂ ಸಿಕ್ಕಿತು. ಆ ಕಂಪನಿಯ ಹಳಿ ಮದ್ರಾಸ್ ರೈಲ್ವೆಯ ಹಳಿಯನ್ನು 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಆದರೆ ಆ ಕಾಲದಲ್ಲೂ ಅಧಿಕಾರಕ್ಕೆ ಎಲ್ಲೆ ಇತ್ತು. ನಿಜಾಮ್ ಸಂಸ್ಥಾನದೊಳಗಿನ ರೈಲು ಹಳಿಯ ಮೇಲೆ ಬ್ರಿಟಿಷರಿಗೆ ಬಿಟ್ಟುಕೊಟ್ಟ ಅಧಿಕಾರ ರೈಲ್ವೆಯ ಕೆಲಸಕ್ಕೆ ಸಂಬಂಧಿಸಿದ್ದು ಮಾತ್ರ, ಬೇರೆ ಕಡೆ ನಡೆದ ಅಪರಾಧಕ್ಕೆ ಅಲ್ಲಿ ಬಂಧಿಸುವಂತಿಲ್ಲ ಎಂದು ಆಗಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1897ರಲ್ಲಿ ತೀರ್ಪು ಕೊಟ್ಟಿತ್ತು.

ಇಂದಿನ ಕಾಯ್ದೆಯಲ್ಲಿ ನಮಗೆ ಆಸರೆಯಾಗುವುದು 16ನೇ ಕಲಂ. ಹಳಿಯಿಂದಾಗಿ ಅಕ್ಕಪಕ್ಕದ ಜಮೀನಿನ ಬಳಕೆಗೆ ಅಡ್ಡಿಯಾದರೆ ಅದನ್ನು ಸರಿಪಡಿಸುವ ದಾರಿ, ಸೇತುವೆ, ಮೋರಿಗಳನ್ನು ರೈಲ್ವೆ ಆಡಳಿತವೇ ತನ್ನ ಖರ್ಚಿನಲ್ಲಿ ಮಾಡಿಸಿ ನಿರ್ವಹಿಸಬೇಕು. ಹಳಿಗಿಂತ ಮುಂಚೆ ನೀರು ಎಷ್ಟು ಸರಾಗವಾಗಿ ಹರಿಯುತ್ತಿತ್ತೋ, ಸಾಧ್ಯವಾದಷ್ಟೂ ಅಷ್ಟೇ ಸರಾಗವಾಗಿ ಎಲ್ಲ ಕಾಲದಲ್ಲೂ ಹರಿಯುವಷ್ಟು ಅಳತೆಯ ಮೋರಿಗಳನ್ನು ಕಟ್ಟಿಸಬೇಕು. ಯಾವ ದಾರಿ ಅಗತ್ಯ, ಯಾವ ಅಳತೆ ಸಾಕು ಎಂಬುದನ್ನು ‘ರಾಜ್ಯ ಸರ್ಕಾರದ ಅಭಿಪ್ರಾಯ’ಕ್ಕೆ ಬಿಡಲಾಗಿದೆ. ಅಂದರೆ ಈ ವಿಷಯದ ಕೀಲಿ ಇರುವುದು ಹುಬ್ಬಳ್ಳಿಯ ವಲಯ ಕಚೇರಿಯಲ್ಲಲ್ಲ, ಬೆಂಗಳೂರಿನಲ್ಲಿ.

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಇದು ಬರಿಯ ಕಾಗದದ ಮಾತಲ್ಲ. ಎರೆಭೂಮಿ ನೀರು ಹಿಡಿದರೆ ಬೇಗ ಬಿಡುವುದಿಲ್ಲ. ಒಂದು ಗದ್ದೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ ನೀರು ಇಳಿಯುವುದೇ ಅಲ್ಲಿನ ವ್ಯವಸ್ಥೆ. ಹಳಿಯ ಏರಿಯ ಕೆಳಗಿನ ಮೋರಿಯ ತಳ ಬಸಿಗಾಲುವೆಯ ತಳಕ್ಕಿಂತ ಒಂದು ಗೇಣು ಮೇಲಾದರೂ ಏರಿಯ ಮೇಲ್ಭಾಗದ ಗದ್ದೆಗಳಲ್ಲಿ ನೀರು ನಿಂತು, ಕೊಯ್ಲಿಗೆ ಬಂದ ಭತ್ತ ಅಡ್ಡ ಬೀಳುತ್ತದೆ. ನಕ್ಷೆಯಲ್ಲಿ ಮೋರಿ ಇದೆಯೇ ಎಂದು ನೋಡಿದರೆ ಇದು ತಿಳಿಯುವುದಿಲ್ಲ, ಮಟ್ಟ ಅಳೆದೇ ನೋಡಬೇಕು. ಕೆಳಸೇತುವೆಗಳದೂ ಇದೇ ಕಥೆ. ಟ್ರ್ಯಾಕ್ಟರ್ ನುಸುಳಿದರೆ ಸಾಕೆಂದು ಎತ್ತರ ಇಟ್ಟ ಕಡೆ ಭತ್ತ ಕೊಯ್ಯುವ ಯಂತ್ರ ಸೇತುವೆಯ ಮುಂದೆ ಎತ್ತರದ ಮಿತಿಗೆಂದು ಹಾಕಿದ ಅಡ್ಡಗಂಬಿಯ ಹತ್ತಿರವೇ ನಿಲ್ಲುತ್ತದೆ. ಬಾಡಿಗೆ ಗಂಟೆಯ ಲೆಕ್ಕದಲ್ಲಿ ಏರುತ್ತಿರುವಾಗ ಅದನ್ನು ಸುತ್ತು ಹಾಕಿಸಿ ತರಬೇಕು. ಬೇಸತ್ತು ಹಳಿ ದಾಟಿ ತನ್ನದೇ ಹೊಲದ ಆಚೆ ತುಂಡಿಗೆ ನಡೆದ ರೈತ 147ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶದ ಅಪರಾಧಿಯಾಗುತ್ತಾನೆ: ಆರು ತಿಂಗಳವರೆಗೆ ಸೆರೆ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.

16ನೇ ಕಲಮಿನಲ್ಲೇ ನಾವು ಗಮನಿಸಬೇಕಾದ ಎರಡು ಷರತ್ತುಗಳಿವೆ. ದಾರಿಯ ಬದಲಿಗೆ ಪರಿಹಾರ ಸಾಕೆಂದು ಒಪ್ಪಿ ಹಣ ಪಡೆದವರಿಗೆ ಆ ಕಾಮಗಾರಿ ಮಾಡಿಕೊಡಬೇಕಾಗಿಲ್ಲ. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಅದರಲ್ಲಿ ಏನು ಬರೆದಿದೆ ಎಂದು ಓದಿಸಿಕೊಳ್ಳಿ. ಎರಡನೆಯದು ಇನ್ನೂ ಬಿಗಿಯಾದದ್ದು. ಆ ಜಮೀನಿನ ಮೂಲಕ ಹಾದ ಹಳಿಯಲ್ಲಿ ಸಾರ್ವಜನಿಕ ಸಂಚಾರ ಆರಂಭವಾದ ದಿನದಿಂದ ಹತ್ತು ವರ್ಷ ಕಳೆದ ಮೇಲೆ ಹೆಚ್ಚುವರಿ ಕಾಮಗಾರಿಯ ಹೊಣೆ ರೈಲ್ವೆಯ ಮೇಲಿರುವುದಿಲ್ಲ. ಆಮೇಲೆ 17ನೇ ಕಲಂ ಪ್ರಕಾರ ಬೇಕಾದವರು ತಾವೇ ಖರ್ಚು ಹಾಕಿ ಮಾಡಿಸಿಕೊಳ್ಳಬೇಕು. ಹಳಿಯ ಕೆಳಗೆ ಮೋರಿ ಕೊರೆಸುವ ಖರ್ಚು ನಾಲ್ಕು ಎಕರೆಯ ರೈತನ ಕೈಗೆ ಎಟಕುವಂಥದ್ದೇ? ಗಂಗಾವತಿಯವರೆಗಿನ ಹಳಿಗೆ ಈ ಗಡುವು ಹೆಚ್ಚೆಂದರೆ 2029ಕ್ಕೆ ಮುಗಿಯುತ್ತದೆ.

ಕೊಪ್ಪಳ ಮತ್ತು ರಾಯಚೂರು ಜಿಲ್ಲಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಕಂದಾಯ, ನೀರಾವರಿ ಮತ್ತು ಕೃಷಿ ಇಲಾಖೆಗಳವರು ಕಾಲುವೆಗೆ ನೀರು ಬಿಟ್ಟಿರುವ ದಿನಗಳಲ್ಲೇ ಹಳಿಯ ಉದ್ದಕ್ಕೂ ಜಂಟಿ ಪರಿಶೀಲನೆ ನಡೆಸಲಿ. ಪ್ರತಿ ಮೋರಿಯ ಮಟ್ಟವನ್ನೂ ಪ್ರತಿ ಕೆಳಸೇತುವೆಯ ಎತ್ತರವನ್ನೂ ಅಳೆದು, ಸರ್ವೆ ನಂಬರ್‌ವಾರು ವರದಿಯನ್ನು ಸರ್ಕಾರಕ್ಕೆ ಕಳುಹಿಸಲಿ. ಸರ್ಕಾರ ತನ್ನ ಅಭಿಪ್ರಾಯವನ್ನು ಲಿಖಿತವಾಗಿ ರೈಲ್ವೆಗೆ ತಿಳಿಸಿ, ಅದರ ಪ್ರತಿಯನ್ನು ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಚ್ಚಿಸಲಿ. ಗಡುವು ಮೊದಲು ಮುಗಿಯುವುದರಿಂದ ಗಿಣಿಗೇರಾ–ಗಂಗಾವತಿ ಭಾಗ ಮೊದಲಾಗಲಿ. ಹಳಿ ಇನ್ನೂ ಬಾರದ ಊರುಗಳಲ್ಲಿ ಮಣ್ಣಿನ ಏರಿ ಏಳುವುದಕ್ಕೂ ಮುಂಚೆಯೇ ಈ ಕೆಲಸ ಮುಗಿಯಬೇಕು. ರೈಲು ಓಡತೊಡಗಿದ ಮೇಲೆ ಏರಿಯನ್ನು ಬಗೆದು ಮೋರಿಯ ತಳ ಇಳಿಸುವುದು ಎಷ್ಟು ತ್ರಾಸದ ಕೆಲಸ ಎಂಬುದನ್ನು ರೈಲ್ವೆ ಎಂಜಿನಿಯರುಗಳೇ ಹೇಳುತ್ತಾರೆ.

— ನಿವೃತ್ತ ಭೂಮಾಪಕ, ಗಂಗಾವತಿ, ಕೊಪ್ಪಳ ಜಿಲ್ಲೆ