ಆಫೀಸ್ ಕೆಲಸದ ಹೊಸ ಸಮಯ: ಪೋಷಕರಿಗೆ ಒಂದು ಪತ್ರ

ಪೋಷಕರೇ, ನಮಸ್ಕಾರ.

ಹೋದ ವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂದ ದೂರನ್ನು ನೀವೆಲ್ಲ ಓದಿದ್ದೀರಿ. ಏಳನೇ ತರಗತಿ ಹುಡುಗಿಯ ತಾಯಿ ವ್ಯಾಸಂಗ ಪ್ರಮಾಣ ಪತ್ರಕ್ಕೆಂದು ಒಂದು ದಿನದ ಕೂಲಿ ಬಿಟ್ಟು ಬಂದರು, ಹನ್ನೊಂದು ಗಂಟೆಯಿಂದ ಊಟದ ಬೆಲ್ ಹೊಡೆಯುವವರೆಗೂ ಆಫೀಸ್ ಮುಂದಿನ ಬೆಂಚಿನ ಮೇಲೆ ಕೂತರು, ಆಮೇಲೆ ಬರಿಗೈಲಿ ಎದ್ದು ಹೋದರು. ಅದು ನಿಜ. ಅವರ ಕ್ಷಮೆ ಕೇಳಿದ್ದೇನೆ. ಆದರೆ ಅದರ ಕೆಳಗೆ "ಯಾವಾಗ ಹೋದರೂ ಆಫೀಸಲ್ಲಿ ಯಾರೂ ಇರಲ್ಲ, ಸಂಬಳ ಮಾತ್ರ ಸರಿಯಾಗಿ ತಗೋತಾರೆ" ಅಂತ ಒಬ್ಬರು ಬರೆದರು, ಇನ್ನು ಕೆಲವರು ಹೌದು ಅಂತ ಹೆಬ್ಬೆಟ್ಟಿನ ಚಿತ್ರ ಒತ್ತಿದರು. ಅದಕ್ಕೆ ಉತ್ತರ ಹೇಳಲೇಬೇಕು. ಆ ಹೊತ್ತಲ್ಲಿ ನಾನು ಪಕ್ಕದ ಕೋಣೆಯಲ್ಲಿದ್ದೆ. ಆ ತಾಯಿಯ ಮಗಳಿಗೇ ಭಿನ್ನರಾಶಿ ಹೇಳಿಕೊಡುತ್ತಿದ್ದೆ. (ಅಮ್ಮ ಬಂದಿದ್ದು ಕಿಟಕಿಯಿಂದ ಕಂಡಿತ್ತಂತೆ, ಬೈತೀನೇನೋ ಅಂತ ಹುಡುಗಿ ಸುಮ್ನೆ ಕೂತಿದ್ದಳು.)

ನಮ್ಮ ಶಾಲೆಯಲ್ಲಿ ಗುಮಾಸ್ತರಿಲ್ಲ. ರಜೆ ಹಾಕಿದ್ದಾರೆ ಅಂತಲ್ಲ, ವರ್ಗ ಆಗಿದೆ ಅಂತಲ್ಲ, ಹುದ್ದೆಯೇ ಇಲ್ಲ. ಹೈಸ್ಕೂಲಿನಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕರು) ಇರ್ತಾರಲ್ಲ ಅಂತ ಕೇಳುತ್ತೀರಿ. ಹೈಸ್ಕೂಲಿಗೆ ಆ ಹುದ್ದೆ ಉಂಟು, ಸರ್ಕಾರಿ ಪ್ರಾಥಮಿಕ ಶಾಲೆಗೆ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಗೆ ಒಂದು ಪಟ್ಟಿ ಇದೆ, ಒಂದು ಶಾಲೆಗೆ ಏನೇನು ಇರಬೇಕು ಅಂತ. ಒಂದರಿಂದ ಐದರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 150 ದಾಟಿದರೆ ಮುಖ್ಯ ಶಿಕ್ಷಕರು, ಶೌಚಾಲಯ, ನೀರು, ಅಡುಗೆ ಕೋಣೆ, ಕಾಂಪೌಂಡ್ ಎಲ್ಲ ಇದೆ. ಆಫೀಸ್, ಸ್ಟೋರ್, ಮುಖ್ಯ ಶಿಕ್ಷಕರ ಕೋಣೆ, ಈ ಮೂರೂ ಸೇರಿ ಒಂದೇ ಕೋಣೆ ಅಂತಲೂ ಬರೆದಿದ್ದಾರೆ. ಆ ಕೋಣೆಯಲ್ಲಿ ಕೂತು ಲೆಕ್ಕ ಬರೆಯುವವರು ಯಾರು ಅಂತ ಮಾತ್ರ ಬರೆದಿಲ್ಲ. ಅದೇ ಕಾಯ್ದೆಯ 27ನೇ ಕಲಂ, ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅನ್ನುತ್ತದೆ. ಆದರೆ ಶಾಲೆಯ ಒಳಗಿನ ಕಾಗದ ಪತ್ರ ಶಾಲೆಯ ಕೆಲಸವೇ ಅಲ್ವಾ? ಹಾಗಾಗಿ ಅದು ನಮ್ಮ ತಲೆಗೇ.

ಆ ಕೆಲಸ ಎಷ್ಟು ಅಂತ ಹೊರಗಿಂದ ಗೊತ್ತಾಗುವುದಿಲ್ಲ. ಬೆಳಗ್ಗೆ ಎಷ್ಟು ಲೋಟ ಹಾಲು, ಮಧ್ಯಾಹ್ನ ಎಷ್ಟು ಊಟ, ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು, ಅಕ್ಕಿ ಬೇಳೆ ಎಷ್ಟು ಉಳಿಯಿತು, ಇದೆಲ್ಲ ದಿನಾ ಬರೆಯಬೇಕು. ಮಕ್ಕಳ, ಶಾಲೆಯ ವಿವರ ತುಂಬುವ ಸ್ಯಾಟ್ಸ್, ಯುಡೈಸ್ ಪ್ಲಸ್ ಅನ್ನುವ ಸರ್ಕಾರಿ ವೆಬ್‌ಸೈಟ್‌ಗಳು, ಮಕ್ಕಳ ಗುರುತಿನ ಸಂಖ್ಯೆಯಾದ ಅಪಾರ್ ಐಡಿ, ಎಸ್‌ಎಸ್‌ಪಿ ವೆಬ್‌ಸೈಟಿನ ಸ್ಕಾಲರ್‌ಶಿಪ್ ಬೇರೆ. ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ ಇದ್ದು ದಾಖಲಾತಿ ಪುಸ್ತಕದಲ್ಲಿ ಮುಂದೆ ಇದ್ದರೆ ಒಂದು ಮಗುವಿನ ಹೆಸರಿಗೇ ಅರ್ಧ ದಿನ ಹೋಗುತ್ತದೆ. ಅಷ್ಟರಲ್ಲಿ ಸರ್ವರ್ ಬಿದ್ದಿರುತ್ತದೆ. ಇದನ್ನೆಲ್ಲ ರಾತ್ರಿ ಮನೆಯಲ್ಲಿ ಮಾಡುತ್ತೇನೆ, ಯಾಕೆಂದರೆ ಸರ್ವರ್ ಆಗ ಸ್ವಲ್ಪ ಚುರುಕು. ಕನಿಕರ ಬೇಕು ಅಂತ ಹೇಳುತ್ತಿಲ್ಲ. ಇದು ನನ್ನ ಕೆಲಸ, ಮಾಡುತ್ತೇನೆ.

ಈಗ ವಿಷಯ. ಇನ್ನು ಮುಂದೆ ವ್ಯಾಸಂಗ ಪತ್ರ, ಟಿಸಿ, ಹೆಸರು ತಿದ್ದುಪಡಿ, ಇವುಗಳಿಗೆ ಬೆಳಗ್ಗೆ 9.30ರಿಂದ 10, ಸಂಜೆ 3.30ರಿಂದ 4.20. ನಡುವೆ ಇಲ್ಲ. ಒಂದು ಸಹಿ ತಾನೇ, ಎರಡು ನಿಮಿಷ ಅಂತ ನೀವು ಹೇಳುತ್ತೀರಿ, ನನಗೂ ಗೊತ್ತು. ದಾಖಲಾತಿ ಪುಸ್ತಕ ಹುಡುಕಬೇಕು, ಬರೆಯಬೇಕು, ಸೀಲ್ ಹಾಕಬೇಕು, ಎರಡು ನಿಮಿಷ ಇಪ್ಪತ್ತಾಗುತ್ತದೆ. ಅಷ್ಟು ಹೊತ್ತು ಮೂವತ್ತು ಮಕ್ಕಳು ಸುಮ್ನೆ ಕೂರಬೇಕು. ಹಾಗೆ ಕೂರುವ ಮಕ್ಕಳಲ್ಲಿ ನಿಮ್ಮದೂ ಒಂದು.

ಕೂಲಿಗೆ ಹೋಗುವವರಿಗೆ ತೊಂದರೆ ಆಗಬಾರದು ಅಂತಲೇ ಬೆಳಗಿನ ಅರ್ಧ ಗಂಟೆ ಇಟ್ಟಿದ್ದು. ಅದಕ್ಕೂ ಆಗದಿದ್ದರೆ ಚೀಟಿ ಬರೆದು ಮಗುವಿನ ಕೈಯಲ್ಲಿ ಕೊಟ್ಟು ಕಳಿಸಿ. ಆಸ್ಪತ್ರೆ, ಸಾವು ನೋವು ಅಂದರೆ ಯಾವ ಹೊತ್ತಿಗಾದರೂ ಬನ್ನಿ, ಕ್ಲಾಸ್ ಬಾಗಿಲು ತಟ್ಟಿ. ಆದರೆ ನಾಡಕಚೇರಿಯಲ್ಲಿ ನಾಳೆಯೇ ಕೊನೇ ದಿನ ಅಂತ ಹನ್ನೆರಡು ಗಂಟೆಗೆ ಬಂದರೆ ಸಂಜೆವರೆಗೆ ಕಾಯಿರಿ ಅಂತಲೇ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ನಡುವೆ ಕ್ಲಾಸ್ ಬಿಟ್ಟು ಬರುವುದಿಲ್ಲ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದಕ್ಕೆ ಒಪ್ಪಿಗೆ ಆಗಿದೆ. ಒಬ್ಬ ಗುಮಾಸ್ತರನ್ನು ಕೊಡಿ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಬರೆದಿದ್ದೇವೆ. ಅದು ಬರುವವರೆಗೆ ಕಾಯುತ್ತಾ ಕೂರುವ ಹಾಗಿಲ್ಲ.

ನಿಮ್ಮಿಂದ ಕೇಳುವುದು ಇಷ್ಟೇ: ಪತ್ರ ಬೇಕಾದ ದಿನಕ್ಕೆ ಎರಡು ದಿನ ಮುಂಚೆ ಹೇಳಿ.

ಆ ತಾಯಿಯ ಪತ್ರ ಶುಕ್ರವಾರವೇ ಬರೆದು ಮಗಳ ಬ್ಯಾಗಿನಲ್ಲಿಟ್ಟು ಕಳಿಸಿದ್ದೇನೆ. ಸಿಕ್ಕಿಲ್ಲ ಅಂದರೆ ಗಣಿತದ ನೋಟ್ಸ್ ಒಳಗೆ ನೋಡಿ.

ಇಂತಿ,
ಮುಖ್ಯ ಶಿಕ್ಷಕಿ