ಭೇಟಿ ಬಳಗಕ್ಕೆ ವರ್ಷ ತುಂಬಿತು: ಋಣ ಹೇಳಬೇಕಾದವರು

ಕೆಜಿಎಫ್‌ನ ನಮ್ಮ ಭೇಟಿ ಬಳಗಕ್ಕೆ ಈ ತಿಂಗಳು ವರ್ಷ ತುಂಬಿತು. ಕಾಯಿಲೆ ಬಿದ್ದವರ, ಮನೆಯವರನ್ನು ಕಳೆದುಕೊಂಡವರ ಪಕ್ಕ ಹೋಗಿ ಕೂರುವುದು, ಬೇಕೆಂದರೆ ಪ್ರಾರ್ಥಿಸುವುದು, ಬಳಗದ ಕೆಲಸ ಇಷ್ಟೇ. ದೇವರು ನಮ್ಮನ್ನು ಸಂತೈಸುವುದು ನಾವು ಇತರರನ್ನು ಸಂತೈಸಲಿ ಅಂತಲೇ ಎಂದು ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಮೊದಲ ಅಧ್ಯಾಯದಲ್ಲೇ ಹೇಳುತ್ತಾನೆ. ಬಳಗಕ್ಕೆ ಬಂದವರಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ಬೇರೆಯವರಿಂದ ಸಮಾಧಾನ ಪಡೆದವರೇ.

ಮೊದಲ ವಂದನೆ ಬಾಗಿಲು ತೆರೆದ ಮನೆಗಳಿಗೆ. ಏನು ಹೇಳಬಾರದು ಎಂಬುದನ್ನು ಕಲಿಸಿದವರು ನೀವು. ‘ದೇವರ ಚಿತ್ತ’, ‘ಒಳ್ಳೆಯವರನ್ನೇ ಬೇಗ ಕರೆದುಕೊಳ್ಳುತ್ತಾನೆ’, ‘ಅಳಬೇಡಮ್ಮ, ನಂಬಿಕೆ ಇಡು’, ಇಂಥ ಮಾತು ಆಡುವವರಿಗೆ ಹಗುರ, ಕೇಳುವವರಿಗಲ್ಲ. ಸತ್ತ ಲಾಜರನನ್ನು ಇನ್ನೇನು ಎಬ್ಬಿಸಲಿದ್ದ ಯೇಸುವೇ ಅವನಿಗಾಗಿ ಅತ್ತ ಮೇಲೆ, ಅಳಬೇಡ ಎನ್ನಲು ನಾವ್ಯಾರು? ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರೂ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅವರದು ಕೆಟ್ಟಿದ್ದು ಬಾಯಿ ತೆರೆದ ಮೇಲೆ.

ಓದುವುದಿದ್ದರೆ ಬೈಬಲಿನ ಒಂದೇ ಕೀರ್ತನೆ. 23ನೆಯದಕ್ಕೆ ಆರು ವಚನ, 121ಕ್ಕೆ ಎಂಟು, ಅಷ್ಟು ಸಾಕು. ದೇವರ ಮೇಲೇ ಸಿಟ್ಟಾಗಿರುವವರ ಮುಂದೆ 23 ತೆಗೆಯುವುದಕ್ಕಿಂತ 88 ಮೇಲು. ಅದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನ ತಂದು ಅಂಟಿಸುವುದಿಲ್ಲ. ಮನೆಯಲ್ಲಿ ಯಾವ ಭಾಷೆ ಆಡುತ್ತಾರೋ ಅದರಲ್ಲೇ ಓದಬೇಕು. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ತಮಿಳು, ಕೆಲವು ಕಡೆ ತೆಲುಗು. ಕನ್ನಡ ಸತ್ಯವೇದವೊಂದನ್ನೇ ಹಿಡಿದು ಹೊರಟರೆ ಅಜ್ಜಿಯಂದಿರು ಮರ್ಯಾದೆಗೆ ತಲೆಯಾಡಿಸುತ್ತಾರೆ, ಅಷ್ಟೇ.

ಆಸ್ಪತ್ರೆಯ ವಾರ್ಡ್ ಸಿಸ್ಟರ್‌ಗಳಿಗೆ ದೊಡ್ಡ ಋಣವಿದೆ. ಇಬ್ಬರಿಗಿಂತ ಹೆಚ್ಚು ಬರಬೇಡಿ, ಅದರಲ್ಲಿ ಒಬ್ಬರು ಹೆಂಗಸರಿರಲಿ, ಕೈ ತೊಳೆಯಿರಿ, ಮಂಚದ ಮೇಲೆ ಕೂರಬೇಡಿ ಎಂದು ಪಾಠ ಮಾಡಿದವರು ಅವರು. ಹದಿನೈದು ನಿಮಿಷ ದಾಟಿದರೆ ರೋಗಿಗೆ ಸುಸ್ತು. ಎದ್ದು ಹೋಗಿ ಎನ್ನಲು ರೋಗಿಗೇ ಸಂಕೋಚ. ಸ್ಟೂಲ್ ಎಳೆದುಕೊಂಡು ಕೂತು, ಮುಖಕ್ಕೆ ಮುಖ ಕೊಟ್ಟು ಮಾತಾಡಬೇಕು. ‘ಪ್ರಾರ್ಥನೆ ಮಾಡಲಾ?’ ಎಂದು ಕೇಳಬೇಕು, ಬೇಡ ಅಂದರೆ ಬೇಡ. ಮಾಡಿದರೂ ಎರಡು ನಿಮಿಷ, ಪಕ್ಕದ ಮಂಚಕ್ಕೆ ಕೇಳದ ದನಿಯಲ್ಲಿ. ಗುಣವಾಗಿಯೇ ಆಗುತ್ತದೆ ಎಂಬ ಭರವಸೆ ಕೊಡುವಂತಿಲ್ಲ, ಮಾತ್ರೆ ನಿಲ್ಲಿಸಿ ಎಂಬ ಮಾತಂತೂ ಬಾಯಿಂದ ಬರಲೇಕೂಡದು. ಯಾಕೋಬನ ಪತ್ರದಂತೆ ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆಂದು ರೋಗಿಯೇ ಕೇಳಿದರೆ ಸಭೆಯ ಹಿರಿಯರನ್ನು ಕರೆಸುತ್ತೇವೆ. ವಾರ್ಡಿನಲ್ಲಿ ಕರಪತ್ರ ಹಂಚುವುದಿಲ್ಲ.

ಎಳನೀರಿನ ವಿಷಯ ಹೇಳಿಕೊಟ್ಟವರೂ ಸಿಸ್ಟರ್‌ಗಳೇ. ರೋಗಿಯನ್ನು ನೋಡಲು ಹೋಗುವಾಗ ಎಳನೀರು ಒಯ್ಯುವುದು ನಮ್ಮ ಕಡೆ ವಾಡಿಕೆ. ಡಯಾಲಿಸಿಸ್‌ನಲ್ಲಿರುವವರಿಗೆ ಅದೇ ಅಪಾಯ: ಕಿಡ್ನಿ ಹೊರಹಾಕಲಾರದ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವೇ ತಪ್ಪಬಹುದು. ಬಾಳೆಹಣ್ಣು, ಕಿತ್ತಳೆ ರಸದ್ದೂ ಅದೇ ಕಥೆ. ಕುಡಿಯುವ ನೀರಿಗೂ ಅಳತೆ ಇರುತ್ತದೆ. ಹಾಗಾಗಿ ಕೇಳದೆ ಏನನ್ನೂ ಒಯ್ಯಬೇಡಿ.

ಇನ್ನು ನೆರೆಹೊರೆಯವರು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಮನೆಗಳ ಬೆಳೆದ ಮಕ್ಕಳ ದುಡಿಮೆ ಬೆಂಗಳೂರಿನಲ್ಲಿ. ಬೆಳಗಿನ ರೈಲಿಗೆ ಮಾರಿಕುಪ್ಪಂನಲ್ಲಿ ಹತ್ತಿದವರು ಮನೆ ಸೇರುವುದು ರಾತ್ರಿಗೆ. ಹಗಲಿಡೀ ಒಬ್ಬರೇ ಇರುವ ಹಿರಿಯರ ಸುದ್ದಿ ಮುಟ್ಟಿಸಿದವರು, ಬೀಗದ ಕೈ ಇಟ್ಟುಕೊಂಡವರು, ಸಾವಿನ ಮನೆಗೆ ಮೂರು ಹೊತ್ತು ಅಡುಗೆ ಕಳಿಸಿದವರು ಪಕ್ಕದ ಮನೆಯ ಹಿಂದೂಗಳು, ಮುಸ್ಲಿಮರು. ಅವರಿಗೆ ಕೈ ಮುಗಿಯುತ್ತೇವೆ. ನಮ್ಮ ಭೇಟಿಗಳನ್ನು ಹಗಲು ಹನ್ನೊಂದರಿಂದ ನಾಲ್ಕರೊಳಗೆ ಇಟ್ಟುಕೊಂಡದ್ದೂ ಅವರ ಸಲಹೆಯಿಂದ.

ಮಣ್ಣು ಮುಗಿಸಿ ಬಂದ ದಿನ ಮನೆ ತುಂಬ ಜನ. ಮೂರನೇ ವಾರದ ಹೊತ್ತಿಗೆ ಫೋನೂ ಬರುವುದಿಲ್ಲ. ಆಗ ಹೋಗಬೇಕು, ಮೊದಲ ಕ್ರಿಸ್‌ಮಸ್‌ಗೆ ಮತ್ತೆ ಹೋಗಬೇಕು. ತೀರಿಕೊಂಡವರ ಹೆಸರು ಹಿಡಿದೇ ಮಾತಾಡಿ. ಹೆಸರೆತ್ತಿದರೆ ನೋವಾದೀತೆಂದು ಎಲ್ಲರೂ ಸುಮ್ಮನಾಗುತ್ತಾರೆ, ಮನೆಯವರಿಗೆ ಆ ಮೌನವೇ ಹೆಚ್ಚು ಭಾರ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ಯಾರೂ ಹೇಳುವುದಿಲ್ಲ. ‘ನಾಳೆ ನಗರಸಭೆಗೆ ನಾನೇ ಬರುತ್ತೇನೆ’ ಎನ್ನಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ತಡವಾದರೆ ಶುಲ್ಕ, ಅಲೆದಾಟ. ಮರಣ ಪತ್ರದ ಪ್ರತಿಗಳನ್ನು ಒಮ್ಮೆಗೇ ನಾಲ್ಕೈದು ತೆಗೆಸಿದರೆ ಬ್ಯಾಂಕು, ಪಿಂಚಣಿ, ವಿಮೆಗೆ ಮತ್ತೆ ಓಡಬೇಕಿಲ್ಲ. ಈ ಅಲೆದಾಟವನ್ನು ಸದ್ದಿಲ್ಲದೆ ಹೊತ್ತ ಸ್ತ್ರೀ ಸಂಘದ ಅಕ್ಕಂದಿರನ್ನು ಆರಾಧನೆಯಲ್ಲಿ ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟೋಣವೆಂದರೆ ಅವರು ಒಪ್ಪಲಿಲ್ಲ. ಇಲ್ಲಾದರೂ ಬರೆದಿಡುತ್ತಿದ್ದೇವೆ.

ಗಾಳಿ ಹಾಸಿಗೆ, ವೀಲ್‌ಚೇರ್ ಎರವಲು ಕೊಟ್ಟವರಿಗೂ ವಂದನೆ. ಇನ್ನೂ ಎರಡು ಹಾಸಿಗೆ ಬೇಕಾಗಿವೆ. ಕೊಡುವವರು ಪಂಪ್ ಸಮೇತ ಕೊಡಿ, ಟ್ಯೂಬ್ ಬಿರುಕು ಬಿಟ್ಟಿದೆಯೇ ಎಂದು ಗಾಳಿ ತುಂಬಿಸಿ ನೋಡಿ. ಒಯ್ಯುವವರೇ, ಗಾಳಿ ಹಾಸಿಗೆ ಇದೆಯೆಂದು ಮಗ್ಗುಲು ಬದಲಿಸುವುದನ್ನು ಬಿಡಬೇಡಿ. ಎರಡು ಗಂಟೆಗೊಮ್ಮೆ ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ದೊಡ್ಡ ಅಕ್ಷರದ ತಮಿಳು ಸತ್ಯವೇದ ಯಾರ ಮನೆಯಲ್ಲಾದರೂ ಇದ್ದರೆ ಭಾನುವಾರ ಬರುವಾಗ ತನ್ನಿ.