ಸ್ಕ್ಯಾನಿಗೆ ದುಡ್ಡಿದೆ, ಹೆಸರಿಗೆ ಯಾಕಿಲ್ಲ? ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹಳೆಯ ಫೋಟೋ, ಪತ್ರ, ನಡಾವಳಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸುತ್ತೇವೆ ಎಂದರೆ ಅನುದಾನ ಕೇಳುವುದು ಸುಲಭ. ಎಷ್ಟು ಚಿತ್ರ ಏರಿಸಿದೆವು ಎಂದು ಲೆಕ್ಕ ಒಪ್ಪಿಸಬಹುದು, ಬೇಕಾದರೆ ಉದ್ಘಾಟನೆಯನ್ನೂ ಇಟ್ಟುಕೊಳ್ಳಬಹುದು. ಆ ಫೋಟೋದಲ್ಲಿರುವವರು ಯಾರು, ಆ ನಡಾವಳಿ ಬರೆದ ಸಂಘ ಯಾವುದು, ಅದು ಮುಂದೆ ಏನಾಯಿತು ಎಂದು ತಿಳಿಸುವ ಅಥಾರಿಟಿ ರೆಕಾರ್ಡ್ ಬರೆಯುವ ಕೆಲಸಕ್ಕೆ ದುಡ್ಡು ಕೇಳಿದರೆ ಮಾತ್ರ ಅದು ಮಾಮೂಲಿ ಕಚೇರಿ ಕೆಲಸ ಎಂದು ಬದಿಗಿಡಲಾಗುತ್ತದೆ. ಈ ಪತ್ರ ಆ ಕೆಲಸದ ಬಗ್ಗೆ.

ನಿಮ್ಮ ಪ್ರಾಂತ್ಯದ ಪತ್ರಾಗಾರಗಳ (ಆರ್ಕೈವ್‌ಗಳ) ವಿವರಗಳೆಲ್ಲ ಒಟ್ಟಿಗೆ ಸಿಗುವ ಜಾಲತಾಣ ಮೆಮೊರಿಬಿಸಿ. ಅದು ಓಡುವ ಆಟಂ ತಂತ್ರಾಂಶ ತಯಾರಾದದ್ದೂ ನಿಮ್ಮಲ್ಲೇ, ನ್ಯೂ ವೆಸ್ಟ್‌ಮಿನ್‌ಸ್ಟರ್‌ನಲ್ಲಿ. ಅದರಲ್ಲಿ ವ್ಯಕ್ತಿ, ಕುಟುಂಬ, ಸಂಸ್ಥೆಗಳಿಗೆ ಪ್ರತ್ಯೇಕ ಪುಟಗಳಿವೆ. ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯ ಮಾನದಂಡದ ಪ್ರಕಾರ ಅಂಥ ಪುಟದಲ್ಲಿ ನಾಲ್ಕು ಸಂಗತಿ ಕಡ್ಡಾಯ: ಯಾವ ಬಗೆಯ ಘಟಕ, ಒಪ್ಪಿತ ಹೆಸರು, ಇದ್ದ ಕಾಲ, ದಾಖಲೆಯ ಗುರುತು ಸಂಖ್ಯೆ. ನಾಲ್ಕನ್ನು ತುಂಬಿ ಕೈತೊಳೆದುಕೊಂಡರೆ ಓದುಗನಿಗೆ ಏನೂ ದಕ್ಕುವುದಿಲ್ಲ. ಪ್ರಯೋಜನಕ್ಕೆ ಬರುವುದು ಉಳಿದ ಖಾನೆಗಳು: ಬೇರೆ ಹೆಸರುಗಳು, ಚರಿತ್ರೆ, ಸಂಬಂಧಗಳು, ಆಧಾರ.

ಹುಸೇನ್ ರಹೀಮ್ ಅವರನ್ನೇ ನೋಡಿ. 1914ರ ಮೇ 23ರಂದು ಕೆನಡಾದಲ್ಲಿ ನೆಲೆಸಲು ಹೊರಟ 376 ಭಾರತೀಯ ಪ್ರಯಾಣಿಕರನ್ನು ಹೊತ್ತ ಕೊಮಗಾಟ ಮಾರು ಹಡಗು ವ್ಯಾಂಕೂವರ್‌ಗೆ ಬಂದಾಗ, ದಡದಲ್ಲಿದ್ದ ಭಾರತೀಯರು ಅವರ ನೆರವಿಗೆ ಕಟ್ಟಿದ ತೀರ ಸಮಿತಿಯ ಮುಂದಾಳುಗಳಲ್ಲಿ ಅವರೊಬ್ಬರು. ಹುಟ್ಟಿದಾಗಿನ ಹೆಸರು ಛಗನ್ ಖೈರಾಜ್ ವರ್ಮ. ರಹೀಮ್ ಎಂಬ ಹೆಸರಿನ ಇಂಗ್ಲಿಷ್ ಕಾಗುಣಿತವೂ ಕಡತದಿಂದ ಕಡತಕ್ಕೆ ಬದಲಾಗಬಹುದು. ಈ ಎರಡು ಹೆಸರು ಒಂದೇ ಪುಟದಲ್ಲಿ ಸೇರದಿದ್ದರೆ, ಗುಜರಾತಿನ ಕಡೆಯಿಂದ ವರ್ಮನನ್ನು ಹುಡುಕುವವರಿಗೆ ವ್ಯಾಂಕೂವರ್‌ನ ರಹೀಮ್ ಸಿಗುವುದೇ ಇಲ್ಲ. ಫೋಟೋ ಎಷ್ಟು ಸ್ಪಷ್ಟವಾಗಿ ಸ್ಕ್ಯಾನ್ ಆಗಿದ್ದರೇನು?

ಹೆಸರು ಯಾವ ಪದದಿಂದ ಶುರುವಾಗಬೇಕು ಎಂಬುದು ಕನ್ನಡಿಗರಾದ ನಮಗೆ ಹತ್ತಿರದ ವಿಷಯ. ಆಂಗ್ಲೋ-ಅಮೆರಿಕನ್ ಕ್ಯಾಟಲಾಗಿಂಗ್ ನಿಯಮಗಳ ಎರಡನೇ ಆವೃತ್ತಿಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ ಹೆಸರುಗಳಿಗೆಂದೇ ನಿಯಮವಿದೆ: ಮನೆತನದ ಹೆಸರಿಲ್ಲದಿದ್ದರೆ ಇಟ್ಟ ಹೆಸರಿನಿಂದ ಶುರುಮಾಡಿ, ಊರು ಮತ್ತು ತಂದೆಯ ಹೆಸರನ್ನು ಹಿಂದಕ್ಕೆ ಹಾಕಿ. ಮೋಕ್ಷಗುಂಡಂ ಎನ್ನುವುದು ಊರು, ಆದ್ದರಿಂದ ಸರ್ ಎಂ.ವಿ. ಅವರ ದಾಖಲೆ 'ವಿಶ್ವೇಶ್ವರಯ್ಯ' ಎಂದೇ ತೆರೆಯಬೇಕು. ಸಿಖ್ಖರಿಗೂ ಹೀಗೆಯೇ, ಕೊಮಗಾಟ ಮಾರುವನ್ನು ಬಾಡಿಗೆಗೆ ಹಿಡಿದ ಗುರ್ದಿತ್ ಸಿಂಗ್ 'ಗುರ್ದಿತ್' ಅಡಿಯಲ್ಲಿ ಬರಬೇಕು. ನಿಯಮ ಗೊತ್ತಿಲ್ಲದ ಬೇಸಿಗೆ ಸಹಾಯಕರು ಕೊನೆಯ ಪದವನ್ನೇ ಮನೆತನದ ಹೆಸರೆಂದು ಹಿಡಿದು ಎಲ್ಲರನ್ನೂ 'ಸಿಂಗ್' ಅಡಿ ತುಂಬುತ್ತಾರೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಕನ್ನಡಿಗನನ್ನು ಅವನ ಅಪ್ಪನ ಹೆಸರಲ್ಲಿ ಇಡುತ್ತಾರೆ. ಹೆಂಗಸರದು ಇನ್ನೂ ಕಷ್ಟ: ಮಹಿಳಾ ಸಂಘಗಳ ಹಳೆಯ ಪಟ್ಟಿಗಳಲ್ಲಿ 'ಮಿಸೆಸ್' ಮುಂದೆ ಗಂಡನ ಹೆಸರಷ್ಟೇ ಇರುತ್ತದೆ. ಅವರ ಸ್ವಂತ ಹೆಸರು ಬೇಕಾದರೆ ಜನಗಣತಿ, ಮದುವೆ ನೋಂದಣಿ, ಮರಣವಾರ್ತೆಗಳನ್ನು ತಾಳೆ ನೋಡಬೇಕು. ಒಂದು ಹೆಸರಿಗೆ ಅರ್ಧ ದಿನ ಹಿಡಿದರೂ ಹಿಡಿಯಿತು.

ಸಂಸ್ಥೆಗಳ ತೊಡಕು ಬೇರೆ ಥರದ್ದು. ಮರದ ವ್ಯಾಪಾರದ ಒಂದು ಕಂಪನಿಯನ್ನೇ ನೋಡಿ. ಎಚ್.ಆರ್. ಮ್ಯಾಕ್‌ಮಿಲನ್ ಎಕ್ಸ್‌ಪೋರ್ಟ್ ಕಂಪನಿ 1919ರಲ್ಲಿ ಹುಟ್ಟಿತು, 1951ರಲ್ಲಿ ಬ್ಲೋಡೆಲ್, ಸ್ಟುವರ್ಟ್ ಅಂಡ್ ವೆಲ್ಚ್ ಜೊತೆ ಸೇರಿತು, ಆಮೇಲೆ ಪೊವೆಲ್ ರಿವರ್ ಕಂಪನಿಯೂ ಕೂಡಿಕೊಂಡಿತು; 1999ರಲ್ಲಿ ಎಲ್ಲವೂ ವೇಯರ್‌ಹೌಸರ್ ಪಾಲಾಯಿತು. ಪ್ರತಿ ಹೆಸರಿಗೂ ಬೇರೆ ದಾಖಲೆ ಬೇಕು. ಹಿಂದಿನದು-ಮುಂದಿನದು ಎಂಬ ಕಾಲಸಂಬಂಧದಿಂದ ಅವನ್ನು ಹೆಣೆಯಬೇಕು. ಎಲ್ಲವನ್ನೂ ಕೊನೆಯ ಹೆಸರಿನಡಿ ಒತ್ತಿದರೆ 1930ರ ಸಂಬಳದ ಪುಸ್ತಕ ಆಗ ಅದಕ್ಕೆ ಸಂಬಂಧವೇ ಇರದಿದ್ದ ಕಂಪನಿಯದಾಗುತ್ತದೆ. ಸಂಘ ಶುರುವಾದ ದಿನ, ನೋಂದಣಿಯಾದ ದಿನ ಬೇರೆ ಬೇರೆ ಇರಬಹುದು. ಎರಡನ್ನೂ ಯಾವುದು ಯಾವುದೆಂದು ಹೇಳಿ ಬರೆಯಬೇಕು. ವ್ಯಾಂಕೂವರ್‌ನ ಖಾಲ್ಸಾ ದಿವಾನ್ ಸೊಸೈಟಿ 1906ರದ್ದು, ಅದರ ಮೊದಲ ಗುರುದ್ವಾರ ತೆರೆದದ್ದು 1908ರಲ್ಲಿ. ಕಟ್ಟಡದ ಇಸವಿಯನ್ನು ಸಂಘಕ್ಕೆ ಅಂಟಿಸುವುದು ಎಲ್ಲರೂ ಮಾಡುವ ತಪ್ಪು. (ನಿಯಮಗಳು ಹಡಗನ್ನೂ ಸಂಸ್ಥೆಯೆಂದು ಪರಿಗಣಿಸುತ್ತವೆ. ಕೊಮಗಾಟ ಮಾರುವಿಗೂ ಒಂದು ಪುಟ ಸಲ್ಲುತ್ತದೆ, 'ಗುರು ನಾನಕ್ ಜಹಾಜ್' ಎಂಬ ಇನ್ನೊಂದು ಹೆಸರಿನ ಸಮೇತ.) ಮೂಲನಿವಾಸಿಗಳ ವಿಷಯದಲ್ಲಿ 1778ರಲ್ಲಿ ಬಂದ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್ ಬಳಕೆಗೆ ತಂದ 'ನೂಟ್ಕಾ' ಒಪ್ಪಿತ ಹೆಸರಾಗಿ ಉಳಿಯಬಾರದು. ನೂ-ಚಾ-ನುಲ್ತ್ ಜನ ತಮ್ಮನ್ನು ಕರೆದುಕೊಳ್ಳುವ ಹೆಸರು ಮೇಲೆ, ಹಳೆಯದು ಹುಡುಕಾಟಕ್ಕಾಗಿ ಕೆಳಗೆ.

ಹಲವು ಪತ್ರಾಗಾರಗಳು ಒಂದೇ ತಾಣಕ್ಕೆ ಪಟ್ಟಿ ಏರಿಸಿದಾಗ ಕಂಪ್ಯೂಟರ್ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಒಂದು ಚುಕ್ಕೆ ಹೆಚ್ಚು, 'ಲಿಮಿಟೆಡ್' ಬದಲು 'ಲಿ.' ಇದ್ದರೂ ಸಾಕು, ಹೊಸ ಪುಟ ಹುಟ್ಟಿಕೊಳ್ಳುತ್ತದೆ. ಜೋಡಿ ಪುಟಗಳನ್ನು ಕೂಡಿಸುವವರು ನಕಲಿನ ಕೊಂಡಿಗಳನ್ನು ಒಂದೊಂದಾಗಿ ಉಳಿಯುವ ಪುಟಕ್ಕೆ ಸಾಗಿಸಿ, ಆಮೇಲೆ ಅಳಿಸಬೇಕು. ಮೊದಲೇ ಅಳಿಸಿದರೆ ಆ ಕಡತ ಯಾರದೆಂಬ ಸುಳಿವೂ ಹೋಗುತ್ತದೆ. ಇದು ಸ್ವಯಂಸೇವಕರು ಭಾನುವಾರ ಕೂತು ಮುಗಿಸುವ ಕೆಲಸವಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಪ್ರಾಂತ್ಯದ ಹಣದಿಂದ ನಡೆಯುವ ಪ್ರತಿ ಡಿಜಿಟಲೀಕರಣ ಯೋಜನೆಯಲ್ಲೂ ಅಥಾರಿಟಿ ರೆಕಾರ್ಡ್‌ಗೆ ಪ್ರತ್ಯೇಕ ಬಾಬ್ತು ಇರಲಿ, ಅದನ್ನು ಸ್ಕ್ಯಾನಿಗೆ ತಿರುಗಿಸಲು ಬಿಡಬೇಡಿ. ಎಲ್ಲರಿಗೂ ಸೇರಿದ ಮೆಮೊರಿಬಿಸಿ ತಾಣಕ್ಕೆ ಕಾಯಂ ಸಂಪಾದಕರೊಬ್ಬರನ್ನು ಕೊಡಿ; ಎರಡು ವರ್ಷದ ಗುತ್ತಿಗೆಯಲ್ಲಿ ಬಂದವರು ಹೆಸರುಗಳ ಪರಿಚಯವಾಗುವಷ್ಟರಲ್ಲಿ ಹೊರಟಿರುತ್ತಾರೆ. ಗುರುಮುಖಿ, ಉರ್ದು, ಚೀನೀ ಲಿಪಿಗಳನ್ನು ಓದಬಲ್ಲವರಿಗೆ ಗಂಟೆಯ ಲೆಕ್ಕದಲ್ಲಿ ಸಂಬಳ ಕೊಡಿ. ಸಮುದಾಯದ ಸೇವೆ ಎಂದು ಬಿಟ್ಟಿಯಾಗಿ ಮಾಡಿಸಿಕೊಳ್ಳುವುದು ನಿಲ್ಲಲಿ. ಬದುಕಿರುವವರ ಪುಟದಲ್ಲಿ ಹುಟ್ಟಿದ ಇಸವಿ ಸಾಕು, ತಿಂಗಳು ತಾರೀಖು ಬೇಡ ಎಂಬ ನಿಯಮವನ್ನೂ ಅನುದಾನದ ಷರತ್ತಿಗೆ ಸೇರಿಸಿ. ಮುಂದಿನ ಅರ್ಜಿ ನಮೂನೆ ಅಚ್ಚಿಗೆ ಹೋಗುವ ಮೊದಲೇ ಇದನ್ನೆಲ್ಲ ಸೇರಿಸಿದರೆ ಹೊಸ ಆದೇಶದ ತಾಪತ್ರಯವೂ ಇರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಪತ್ರಾಗಾರದ ಕೆಲಸ ಬಲ್ಲ ಕೆಲವು ಕನ್ನಡಿಗರು